ಸೊನ್ನೆ ಹಾಕಿದ ಮನೆಗಳು

ನಮ್ಮ ಕ್ಷೇತ್ರದಲ್ಲಿ ಯಾವ ಸಲ ಯಾರು ಗೆದ್ದರು ಎಂದು ಕೇಳಿದರೆ ನಮ್ಮ ಓಣಿಯವರು ತಡವರಿಸುತ್ತಾರೆ. ಯಾವ ಸಲ ಯಾರಿಗೆ ಹೊಡೆದರು ಎಂದು ಕೇಳಿ, ತಟ್ಟನೆ ಹೇಳುತ್ತಾರೆ. ಮತದ ಡಬ್ಬಿಗೆ ನೀರು ಸುರಿದ ಚುನಾವಣೆಯಲ್ಲಿ ಹಿಟ್ಟಿನ ಗಿರಣಿಯವನ ಹಲ್ಲು ಹೋದವು. ಅದರ ಮುಂದಿನದರಲ್ಲಿ ಎರಡು ಬಣವೆಗೆ ಬೆಂಕಿ ಬಿತ್ತು. ಕ್ಷೇತ್ರದ ಗಡಿ ಬದಲಾದ ಮೇಲೆ ಹೊಸ ಮುಖಗಳು ಬಂದವು, ಬಡಿಗೆಗಳು ಹಳೆಯವೇ.

ಆದರೂ ಕಾಗದದ ಕಾಲದಲ್ಲಿ ಒಂದು ಆಸರೆಯಿತ್ತು. ಹಲವು ಊರಿನ ಚೀಟಿಗಳನ್ನು ಕಲಸಿ ಎಣಿಸುತ್ತಿದ್ದರು. ಯಾವ ಓಣಿ ಕೈ ಕೊಟ್ಟಿತೆಂದು ಯಾರಿಗೂ ಖಚಿತವಾಗುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಒಂದೊಂದು ಬೂತಿನದೂ ಬೇರೆ ಬೇರೆ ಗೊತ್ತಾಗುತ್ತದೆ. ಕೊಪ್ಪಳದಲ್ಲಿ ಎಣಿಕೆ ನಡೆದಿರುವಾಗಲೇ ಏಜೆಂಟರು ಬರೆದು ಹೊರಗೆ ಕಳಿಸುತ್ತಾರೆ, ಊರಿಗೆ ಫೋನು ಬರುತ್ತದೆ.

ನಾನು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು, ಆಮೇಲೆ ಭತ್ತದ ದಲಾಲಿಯಾದವನು. ಹಿಡಿ ಭತ್ತ ತಿಕ್ಕಿ ನೋಡಿ ದರ ಹೇಳುತ್ತೇನೆ. ಮನುಷ್ಯರನ್ನೂ ಹಾಗೆಯೇ ಅಳೆಯಬಲ್ಲೆ ಎಂಬ ನಂಬಿಕೆಯಿತ್ತು. ಕಳೆದ ಚುನಾವಣೆಯ ಹಿಂದಿನದರಲ್ಲಿ ಒಬ್ಬ ಅಭ್ಯರ್ಥಿಯೊಡನೆ ಕರಾರು ಮಾಡಿಕೊಂಡೆ: ನೀವು ಓಣಿಗೆ ನೀರಿನ ಟ್ಯಾಂಕು ಕಟ್ಟಿಸಿ, ಓಟು ನಾನು ನೋಡಿಕೊಳ್ಳುತ್ತೇನೆ. ಅವರು ಮತದಾರರ ಪಟ್ಟಿ ಕೊಟ್ಟು ಗುರುತು ಹಾಕಲು ಹೇಳಿದರು. ನಮ್ಮವರಿಗೆ ಗೀಟು, ಎದುರು ಪಕ್ಷದವರಿಗೆ ಅಡ್ಡಗೀಟು, ಅನುಮಾನದವರಿಗೆ ಸೊನ್ನೆ. ಇನ್ನೊಬ್ಬನಾಗಿದ್ದರೆ ಎಲ್ಲರಿಗೂ ಗೀಟು ಎಳೆದು ಮುಗಿಸುತ್ತಿದ್ದ. ನಾನು ಮಾಲಿನಲ್ಲಿ ಮೋಸ ಮಾಡುವವನಲ್ಲ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಎದುರು ಪಕ್ಷದವರ ಮನೆಯ ಮದುವೆಯಲ್ಲಿ ಬಡಿಸುತ್ತಿದ್ದುದನ್ನು ಕಂಡಿದ್ದೆ. ಅವನ ಹೆಸರಿನ ಮುಂದೆ ಸೊನ್ನೆ ಹಾಕಿದೆ. ನನ್ನ ಸೊನ್ನೆಗೆ ಕೆಳಗೊಂದು ಬಾಲವಿರುತ್ತದೆ. ಚೀಲದ ಮೇಲೆ ಬರೆದು ಬರೆದು ಬಂದ ರೂಢಿ.

ನಮ್ಮವರು ಸೋತರು. ಗೀಟು, ಸೊನ್ನೆ ಎರಡನ್ನೂ ಸೇರಿಸಿ ಆಸೆ ಇಟ್ಟುಕೊಂಡಿದ್ದರಂತೆ. ಓಣಿಯ ಯಂತ್ರದಲ್ಲಿ ಬಂದದ್ದು ಹೆಚ್ಚುಕಡಿಮೆ ಗೀಟುಗಳಷ್ಟೇ. ಎಣಿಕೆಯ ದಿನವೇ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮವರದೇ ಜೀಪು ಬಂತು. ಆರೇಳು ಮಂದಿ, ಕೈಯಲ್ಲಿ ಕಬ್ಬಿಣದ ಪೈಪು. ಮುಂದಿದ್ದವನ ಕಂಕುಳಲ್ಲಿ ನನ್ನ ಪಟ್ಟಿ. ಅವನು ನನಗೆ ನಮಸ್ಕಾರ ಮಾಡಿದ.

"ಸಾವ್ಕಾರ್ರ, ಲಿಸ್ಟಂದ್ರ ನಿಮ್ದು ಲಿಸ್ಟ್ ನೋಡ್ರಿ. ಸೊನ್ನಿ ಇದ್ದವ್ರ ಕೈ ಕೊಟ್ಟಾರ. ನೀವು ಒಳಗ ಕುಂದರ್ರಿ."

ಕೂತು ಮಾತಾಡೋಣ, ಚಹಾ ಕುಡಿಯಿರಿ ಎಂದೆ. ಚಹಾ ಕುಡಿಸಿ ನಾನು ಕುದುರಿಸದ ವ್ಯವಹಾರವಿರಲಿಲ್ಲ. ಅವರು ಚಹಾ ಬೇಡವೆಂದರು.

ಮೊದಲ ಮನೆಯಲ್ಲಿ ಮುದುಕನನ್ನು ಕೂದಲು ಹಿಡಿದು ಕಟ್ಟೆಯಿಂದ ಎಳೆದರು. ಅವನ ದವಡೆ ಮೆಟ್ಟಿಲಿಗೆ ಬಡಿದ ಸದ್ದು ನನಗೆ ಕೇಳಿಸಿತು. ಎರಡನೆಯ ಮನೆಯಲ್ಲಿ ಗಂಡಸರಿರಲಿಲ್ಲ. ಎಮ್ಮೆಯ ಕಾಲಿಗೆ ಹೊಡೆದರು. ಅದು ಏಳಲು ನೋಡಿ ಕುಸಿಯಿತು, ಮತ್ತೆ ಏಳಲು ನೋಡಿತು. ಮೂರನೆಯದು ನನ್ನ ಮನೆಯ ಎದುರಿಗೇ ಇರುವ ತಮ್ಮನ ಮನೆ. ನಾನು ಅಡ್ಡ ಹೋದೆ. ಎದೆಗೆ ಕೈ ಹಚ್ಚಿ ನೂಕಿದರು, ಚರಂಡಿಯಲ್ಲಿ ಬಿದ್ದೆ. ತಮ್ಮ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತ ಕೂತಿದ್ದ.

"ನಾ ನಿಮ್ಗ ಹಾಕೇನ್ರಿ," ಎಂದ. "ಬೇಕಾದ್ರ ನಮ್ಮಣ್ಣನ್ನ ಕೇಳ್ರಿ."

ಮುಂದಿದ್ದವನು ಪಟ್ಟಿ ಬಿಡಿಸಿ ಅವನ ಮುಖಕ್ಕೆ ಹಿಡಿದ. ತಮ್ಮ ಸೊನ್ನೆಯ ಬಾಲ ನೋಡಿದ, ಆಮೇಲೆ ಚರಂಡಿಯಲ್ಲಿದ್ದ ನನ್ನನ್ನು ನೋಡಿದ. ಪೈಪು ಬಲ ಮೊಣಕೈ ಮೇಲೆ ಬಿದ್ದಾಗಲೂ ಕಣ್ಣು ತೆಗೆಯಲಿಲ್ಲ. ಎರಡನೆಯ ಪೆಟ್ಟಿಗೆ ಎಲುಬು ಚರ್ಮ ಹರಿದು ಹೊರಬಂತು.

ಗಂಗಾವತಿಯ ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದ್ದು ಒಂದೇ: ಅವರು ಈ ಮನೆಗಳನ್ನೇ ಹೇಗೆ ಆರಿಸಿದರು? ಪಟ್ಟಿ ನನ್ನ ಕೈಬರಹ ಎಂದು ಬರೆಸಿದ್ದರೆ ಕೇಸು ಗಟ್ಟಿಯಾಗುತ್ತಿತ್ತು. ತಮ್ಮ ಮಂಚದ ಮೇಲಿಂದ ಕಾಯುತ್ತಿದ್ದ. ನನಗೆ ಗೊತ್ತಿಲ್ಲವೆಂದೆ. ವಾರದೊಳಗೆ ಹಿರಿಯರನ್ನು ಕೂಡಿಸಿ ರಾಜಿ ಮಾಡಿಸಿದೆ. ಚಿಕಿತ್ಸೆಯ ಖರ್ಚು ಅವರದು, ಸೋತರೂ ಟ್ಯಾಂಕು ಕಟ್ಟಿಸುವುದೂ ಅವರದೇ. ಊರು ನನ್ನನ್ನು ಹೊಗಳಿತು.

ಅಂದು ಸಂಜೆ ತಮ್ಮ ಕೇಳಿದ, "ಸೊನ್ನಿ ಯಾಕ ಹಾಕಿದಿ, ಅಣ್ಣಾ?"

ಅವರ ಮದುವೆಯಲ್ಲಿ ಬಡಿಸುತ್ತಿದ್ದೆಯಲ್ಲ ಎಂದೆ.

"ಬಡಿಸಿದ್ನೆಪಾ. ಹೊಲದ ಬಾಜೂನವ್ರು ಕರದ್ರ ಹೋಗಬಾರ್ದೇನು? ಓಟು ನೀ ಹೇಳಿದವ್ಗ ಹಾಕಿದ್ದೆ."

ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಆ ಟ್ಯಾಂಕಿನ ನಲ್ಲಿಯಲ್ಲಿ ಅವನು ಇವತ್ತಿಗೂ ಎಡಗೈಯಲ್ಲಿ ಕೊಡ ಎತ್ತುತ್ತಾನೆ.

ನಿಮ್ಮ ಊರಿಗೂ ಪಟ್ಟಿ ಹಿಡಿದು ಬರುತ್ತಾರೆ. ಮನೆಯಲ್ಲಿ ಎಷ್ಟು ಮಂದಿ ಎಂಬುದನ್ನು ಹೇಳಿ, ಮುಂದಿನದು ಹೇಳಬೇಡಿ. ತೀರಾ ಜುಲುಮೆ ಮಾಡಿದರೆ ಎಲ್ಲರಿಗೂ ಗೀಟು ಎಳೆಯಿರಿ. ಸುಳ್ಳು ಪಟ್ಟಿಗೆ ಬೀಳುವ ಏಟು ನಿಮಗೊಬ್ಬರಿಗೇ ಬಿದ್ದೀತು, ಅದನ್ನು ತಡೆದುಕೊಳ್ಳಬಹುದು.

ಕಳೆದ ಚುನಾವಣೆಯಲ್ಲಿ ಪಕ್ಷದ ಹೆಣ್ಣುಮಗಳೊಬ್ಬಳು ಮೊಬೈಲ್ ಹಿಡಿದು ಬಂದಳು. ಈಗ ಗುರುತೆಲ್ಲ ಅದರಲ್ಲಿ. ಎದುರು ಮನೆಯವರದು ಹೇಗೆ ಎಂದು ನನ್ನನ್ನು ಕೇಳಿದಳು. ಅವರನ್ನೇ ಕೇಳೋಣ ಬಾ ಎಂದು ತಮ್ಮನ ಕಟ್ಟೆಗೆ ಕರೆದೊಯ್ದೆ. ಮಡಚಲು ಬಾರದ ಕೈಯನ್ನು ತೊಡೆಯ ಮೇಲೆ ಚಾಚಿಕೊಂಡು ಅವನು ಅವಳಿಗೆ ಹೇಳಿದ:

"ನನ್ನೇನ್ ಕೇಳ್ತಿ, ತಂಗಿ? ನಮ್ಮಣ್ಣ ಬರ್ಕೊಟ್ಟದ್ದ ಖರೆ."

ಓಣಿಯ ನಾಲ್ಕಾರು ಮಂದಿ ಕೇಳುತ್ತ ನಿಂತಿದ್ದರು.

"ನಾ ಬರ್ಕೊಟ್ಟದ್ದು ಸುಳ್ಳಿತ್ತವಾ," ಎಂದೆ. "ಆ ಲಿಸ್ಟು ನಂದ. ಆ ಸೊನ್ನಿ ನಂದ."

ತಮ್ಮ ನನ್ನ ಕಡೆ ತಿರುಗಿದ. "ಇದನ್ನ ಪೊಲೀಸ್ರ ಮುಂದ ಹೇಳಬೇಕಿತ್ತು," ಎಂದ. ಐದು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.