ಜಯಣ್ಣನ ‘ಆಯ್ತು’

ನಮ್ಮ ಆಫೀಸಿನ ಜಯಶೀಲರಷ್ಟು ಒಳ್ಳೆಯ ಮನುಷ್ಯನನ್ನು ನಾನು ನೋಡಿಲ್ಲ. ಅವರಷ್ಟು ನನ್ನ ಪಿತ್ತ ನೆತ್ತಿಗೇರಿಸಿದವರನ್ನೂ ನೋಡಿಲ್ಲ. ನಾನು ರತ್ನಾವತಿ, ನವಿ ಮುಂಬಯಿಯ ಮಹಾಪೆಯ ಒಂದು ವೆಬ್‌ಸೈಟ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವವಳು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಜಯಶೀಲರು ಅಲ್ಲಿಯೇ ಫ್ರಂಟ್‌ಎಂಡ್ ಟೀಮಿನ ಲೀಡ್, ಅಂದರೆ ಸೈಟಿನಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ಮಾಡುವ ಟೀಮಿನ ಯಜಮಾನ. ಯಜಮಾನ ಎಂದರೆ ನಗು ಬರುತ್ತದೆ. ಕ್ಯಾಂಟೀನಿನ ಬೆಕ್ಕಿಗೂ ದಾರಿ ಬಿಟ್ಟು ನಿಲ್ಲುವ ಜೀವ ಅದು. ಎಲ್ಲರಿಗೂ ಅವರು ಜಯಣ್ಣ.

ಅವರು ಡೊಂಬಿವಲಿಯವರು, ನಾನು ಕಲ್ಯಾಣದವಳು. ಥಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿಯಬೇಕು. ನಾನು ಲೇಡೀಸ್ ಡಬ್ಬಿಯಿಂದ, ಅವರು ಜನರಲ್‌ನಿಂದ ಜಜ್ಜಿಹೋಗಿ ಇಳಿದು, ಸೇತುವೆಯ ಮೇಲೆ ಭೇಟಿಯಾಗುತ್ತೇವೆ. ಅಲ್ಲಿಂದ ಮಾತು ಶುರು. ಮಾತು ನನ್ನದು, ಅವರದು ಬರೀ ‘ಆಯ್ತು’.

ಈ ‘ಆಯ್ತು’ ಅವರಿಗೆ ಬಂದದ್ದು ಹೋಟೆಲಿನಿಂದ. ಅವರ ತಂದೆ ಥಾಣೆಯ ಒಂದು ಲಂಚ್ ಹೋಮಿನಲ್ಲಿ ಭಟ್ಟಿಯ ಮುಂದೆ ನಿಂತು ಜೀವ ಸವೆಸಿದವರು. ಶಾಲೆ ಬಿಟ್ಟ ಮೇಲೆ ಹುಡುಗ ಜಯಶೀಲನೂ ಅಲ್ಲಿಯೇ. ಹೊರಗಿನಿಂದ ‘ಎರಡು ಇಡ್ಲಿ, ಒಂದು ಸಾದಾ’ ಎಂದು ಕೂಗು ಬಂದರೆ ಒಳಗಿನಿಂದ ‘ಆಯ್ತ್’ ಎಂದು ಮರುಕೂಗು ಹೋಗಬೇಕು. ಇಡ್ಲಿ ತಯಾರಾಯಿತು ಎಂದಲ್ಲ, ದೋಸೆ ಕೊಡುತ್ತೇನೆಂಬ ಮಾತೂ ಅಲ್ಲ. ನೀನು ಕೂಗಿದ್ದು ಕಿವಿಗೆ ಬಿತ್ತು, ಅಷ್ಟೇ. ದೋಸೆ ಹಿಟ್ಟು ಮುಗಿದಿದ್ದರೆ ಅದನ್ನು ಆಮೇಲೆ ಹೇಳುವುದು.

ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನ ಒಬ್ಬ ದೊಡ್ಡ ವ್ಯಾಪಾರಿ ನಮ್ಮ ಗಿರಾಕಿಯಾದಾಗ ಈ ಕಥೆ ಶುರುವಾಯಿತು. ಸರಳು, ಪೈಪು, ಪಟ್ಟಿ, ಒಂದೊಂದು ಅಳತೆಗೂ ಒಂದೊಂದು ಪುಟ. ಸಾವಿರಾರು ಪುಟಗಳ ಸೈಟು, ತೆರೆದುಕೊಳ್ಳಲು ಯುಗ ಹಿಡಿಯುತ್ತಿತ್ತು. ಯಾರಾದರೂ ಕೇಳಿದ ಮೇಲೆ ಪುಟವನ್ನು ಕಟ್ಟುವ ಬದಲು ಎಲ್ಲವನ್ನೂ ಮೊದಲೇ ಕಟ್ಟಿಡುವುದು ಎಂದಾಯಿತು. ಹಾಗೆ ಕಟ್ಟಿಡುವ ಸಾಧನಕ್ಕೆ ಸ್ಟ್ಯಾಟಿಕ್ ಸೈಟ್ ಜನರೇಟರ್ ಎನ್ನುತ್ತಾರೆ. ಜಯಣ್ಣ ಟೀಮಿಗೆ ವಿವರಿಸಿದ್ದು ಹೀಗೆ: “ದೋಸೆ ಗಿರಾಕಿ ಬಂದ ಮೇಲೆ ಹೊಯ್ಯುವುದು. ಇಡ್ಲಿ ಬೆಳಿಗ್ಗೆಯೇ ಬೇಯಿಸಿಟ್ಟು ಕೇಳಿದ ಕೂಡ್ಲೆ ಕೊಡುವುದು. ನಮಗೀಗ ಇಡ್ಲಿಪಾತ್ರೆ ಬೇಕು ಮಾರಾಯ್ರೆ.”

ಪಾತ್ರೆಗಳೋ, ಲೋಕದಲ್ಲಿ ಬೇಕಾದಷ್ಟಿವೆ. ಜರಡಿ ಹಿಡಿದು ಕೊನೆಗೆ ಉಳಿದದ್ದು ಎರಡು. ಟೀಮಿನವರು ಒಂದಕ್ಕೆ ‘ಸಾದಾ’, ಇನ್ನೊಂದಕ್ಕೆ ‘ಸ್ಪೆಷಲ್’ ಎಂದು ಹೆಸರಿಟ್ಟರು. ಸಾದಾದಲ್ಲಿ ಹಳೆಯ ಕಾಲದ ನೇರ ಟೆಂಪ್ಲೇಟು. ಪುಟಗಳೆಲ್ಲ ಚಹದ ಲೋಟ ಎತ್ತುವಷ್ಟರಲ್ಲಿ ತಯಾರು. ಸ್ಪೆಷಲ್‌ನಲ್ಲಿ ಎಲ್ಲವನ್ನೂ ಬಿಡಿ ಬಿಡಿ ತುಂಡುಗಳಾಗಿ ಜಾವಾಸ್ಕ್ರಿಪ್ಟಿನಲ್ಲಿ ಹೆಣೆಯಬೇಕು. ಚಹ ಕುಡಿದು ಮೇಲೆ ಬಂದರೂ ನಮ್ಮ ಸೈಟು ಬೇಯುತ್ತಲೇ ಇರುತ್ತಿತ್ತು. ಆದರೆ ಸರಳಿನ ತೂಕ ಲೆಕ್ಕ ಹಾಕುವಂಥ ಆಟಗಳನ್ನು ಅದರಲ್ಲಿ ಸೊಗಸಾಗಿ ಕೂರಿಸಬಹುದು, ಅದನ್ನು ಬಲ್ಲ ಹುಡುಗರೂ ಬೇಕಾದಷ್ಟು ಸಿಗುತ್ತಾರೆ. ಟೀಮಿನ ಮಯೂರ್ ಅದರ ಪಕ್ಷ. ಅವನ ಮಾತಿನಲ್ಲೂ ಹುರುಳಿತ್ತು, ಸುಳ್ಳು ಹೇಳಬಾರದು.

ಇಷ್ಟೇ ಆಗಿದ್ದರೆ ಯಾವುದಾದರೊಂದನ್ನು ಆರಿಸಿ ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಮ್ಯಾನೇಜರ್ ಮನೀಶ್ ಇನ್ನೊಂದು ಮಾತು ಸೇರಿಸಿದ. ವಾಶಿಯಲ್ಲಿ ಹುಟ್ಟಿ ಬೆಳೆದ ಮಂಗಳೂರಿನ ಹುಡುಗ, ಮಾತು ಜೇನು, ಕೈ ಕತ್ತರಿ.

“ಜಯಣ್ಣ, ಟೀಮು ಸಣ್ಣದು ಮಾಡ್ಬೇಕು, ಊಪರ್ ಸೆ ಪ್ರೆಶರ್ ಉಂಟು. ನೀವು ಯಾವ ಟೂಲ್ ಹೇಳ್ತೀರೋ ಅದು ಬರುವವರು ಇರ್ತಾರೆ, ಬಾರದವರು ಹೋಗ್ತಾರೆ. ಸಿಂಪಲ್.”

ಸಿಂಪಲ್ಲಂತೆ! ಸಾದಾ ಎಲ್ಲರಿಗೂ ಬರುತ್ತಿತ್ತು. ಸ್ಪೆಷಲ್ ಬಾರದವಳು ಟೀಮಿನಲ್ಲಿ ಒಬ್ಬಳೇ, ದಾನಮ್ಮ. ವಿಜಯಪುರದ ಕಡೆಯಿಂದ ಮದುವೆಯಾಗಿ ಅಂಬರನಾಥಕ್ಕೆ ಬಂದವಳು. ಗಂಡ ಕೆಲಸ ಮಾಡುತ್ತಿದ್ದ ಬಣ್ಣದ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುವುದು ಅವಳಿಂದಲೇ. ಪುಟವನ್ನು ಅಂದವಾಗಿ ಕೂರಿಸುವುದರಲ್ಲಿ ಅವಳ ಕೈ ಚೆನ್ನು. ಆದರೆ ಸ್ಪೆಷಲ್ ಮಾತ್ರ ಕಬ್ಬಿಣದ ಕಡಲೆ. ಮಯೂರ್ ಪಾಪ, ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ. ಅವಳು ತಲೆಯಾಡಿಸಿದಳು, ಮರುದಿನ ಎಲ್ಲ ಮರೆತು ಬಂದಳು. “ತಲಿಗಿ ಹತ್ತವಲ್ದ್ರೀ ಅಕ್ಕಾರ,” ಎಂದು ನನ್ನ ಮುಂದೆ ವಾಷ್‌ರೂಮಿನಲ್ಲಿ ಅತ್ತಳು.

ಜಯಣ್ಣನಿಗೆ ಅತ್ತ ದರಿ, ಇತ್ತ ಪುಲಿ. ಸಾದಾ ಎಂದರೆ ದಾನಮ್ಮನನ್ನು ಉಳಿಸಲೆಂದೇ ಆ ಟೂಲ್ ಆರಿಸಿದ ಎನ್ನುತ್ತಾರೆ; ಸ್ಪೆಷಲ್ ಎಂದರೆ ದಾನಮ್ಮ ಬೀದಿಗೆ. ಅವರು ಊಟ ಬಿಟ್ಟರು. ಥಾಣೆಯ ಸೇತುವೆಯ ಮೇಲೆ ಎದುರು ಬರುವವರಿಗೆ ಡಿಕ್ಕಿ ಹೊಡೆದು ಬೈಸಿಕೊಂಡರು. ಒಮ್ಮೆ ಆಫೀಸಿನ ಸ್ಟೇಶನ್ ಘನಸೋಲಿಯಲ್ಲಿ ಇಳಿಯುವುದನ್ನೇ ಮರೆತು ವಾಶಿಗೆ ಹೋಗಿ ಬಂದರು. ಅವರ ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಮನೆಯಲ್ಲಿ ತಾಯಿ ಅಪ್ಪಿಯಮ್ಮನ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಏನೆಂದು ಕೇಳಿದರೆ ಮಗ, “ಎರಡರಲ್ಲಿ ಒಂದು ಆರಿಸ್ಬೇಕು” ಎಂದರಂತೆ. ಮುದುಕಿ ಬಿಳಿ ಹೂ ಒಂದು, ಕೆಂಪು ಹೂ ಒಂದು ಎಲೆಯಲ್ಲಿ ಸುತ್ತಿ ದೇವರ ಮುಂದಿಟ್ಟು ಮೊಮ್ಮಗಳು ತೃಷಾಳಿಂದ ಒಂದನ್ನು ಎತ್ತಿಸಿದರು. “ಪಪ್ಪಾ, ಲಾಲ್ ಆಯಾ!” ಎಂದಳು ಹುಡುಗಿ. ಕೆಂಪು ಸಾದಾವೋ ಸ್ಪೆಷಲೋ ಎಂದು ಜಯಣ್ಣ ಮೊದಲು ನಿಶ್ಚಯಿಸಿಯೇ ಇರಲಿಲ್ಲ! ನಿಶ್ಚಯಿಸಲು ಹೆದರಿಕೆಯಾಗಿತ್ತಂತೆ. “ದೇವೆರೆಡ ಕೇನುನ ಕ್ರಮನಾ ಉಂದು?” ದೇವರಲ್ಲಿ ಕೇಳುವ ಕ್ರಮವೇ ಇದು ಎಂದು ಅಪ್ಪಿಯಮ್ಮ ತುಳುವಿನಲ್ಲಿ ಬೈದರು. ಜಯಣ್ಣ ಇದನ್ನು ಹೇಳಿದಾಗ ನಾನು ನಕ್ಕೆ. ನಗಬಾರದಿತ್ತು.

ಕೊನೆಗೆ ಅವರು ದೇವರನ್ನೂ ಜನರನ್ನೂ ಬದಿಗಿಟ್ಟು ಎರಡೂ ಪಾತ್ರೆಗಳಲ್ಲಿ ಇಡೀ ಸೈಟನ್ನು ಬೇಯಿಸಿ ನೋಡಿದರು. ತಪ್ಪು ಹುಡುಕಲು ನನ್ನನ್ನೇ ಕೂರಿಸಿದರು, ನಾನು ದಾಕ್ಷಿಣ್ಯ ಮಾಡಲಿಲ್ಲ. ಕಬ್ಬಿಣದ ವ್ಯಾಪಾರಿ ದಿನಕ್ಕೆ ಹತ್ತು ಸಲ ದರ ಬದಲಿಸುವವನು. ಪ್ರತಿ ಸಲ ಅಷ್ಟೂ ಪುಟ ಹೊಸದಾಗಿ ಬೇಯಬೇಕು. ಆ ಕೆಲಸಕ್ಕೆ ಸಾದಾವೇ ಸರಿ. ತೂಕದ ಲೆಕ್ಕವೊಂದನ್ನು ಮಯೂರ್ ಬೇರೆಯಾಗಿ ಬರೆದು ಸೇರಿಸಿದರಾಯಿತು. ಮಯೂರ್ ಕೂಡ ಗೊಣಗಿ ಗೊಣಗಿ ಒಪ್ಪಿದ. ಅಂದು ಸಂಜೆ ಜಯಣ್ಣ ಮನುಷ್ಯರ ಹಾಗೆ ನಕ್ಕರು.

“ರತ್ನಕ್ಕ, ಯಾರ ಮುಲಾಜಿಗೂ ಅಲ್ಲ, ಇದೇ ಸರಿ ಅಂತ ಆರಿಸಿದ್ದು. ನಾಳೆ ಮನೀಶನಿಗೆ ಹೇಳ್ತೇನೆ.”

“ಈಗಲೇ ಫೋನ್ ಮಾಡಿ,” ಎಂದೆ ನಾನು.

“ನಾಳೆ ಎದುರಿಗೇ ಹೇಳ್ತೇನೆ. ಅದು ಮರ್ಯಾದೆ.”

ಮರ್ಯಾದೆಯ ಮನೆ ಹಾಳಾಗ. ಮರುದಿನ ಬೆಳಿಗ್ಗೆ ನಾವು ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮನೀಶನ ಫೋನೇ ಬಂತು. ಗದ್ದಲಕ್ಕೆ ಜಯಣ್ಣ ಸ್ಪೀಕರ್ ಹಾಕಿ ಕಿವಿಗೆ ಒತ್ತಿಕೊಂಡರು, ನನಗೂ ಕೇಳಿಸುತ್ತಿತ್ತು.

“ಜಯಣ್ಣ, ನಾನು ಗಿರಾಕಿ ಹತ್ರ ಕೂತಿದ್ದೇನೆ. ಅವರಿಗೆ ಆ ತೂಕದ ಲೆಕ್ಕ ಭಾರೀ ಇಷ್ಟ ಆಗಿದೆ. ಸ್ಪೆಷಲ್ ಫೈನಲ್ ಮಾಡುವಾ, ಆಯ್ತಾ?”

“ಆಯ್ತು…”

“ದಾನಮ್ಮನ ಹೆಸರು ನಾನು ಎಚ್ಆರ್‌ಗೆ ಹೇಳ್ತೇನೆ. ನೀವು ಟೆನ್ಶನ್ ತಗೊಳ್ಬೇಡಿ, ಆಯ್ತಾ?”

“ಆಯ್ತು…”

“ಗ್ರೇಟ್. ಅವಳಿಗೆ ಮಾತ್ರ ನೀವೇ ಹೇಳಿ, ಆಯ್ತಾ?”

“ಆಯ್ತು ಮನೀಶ್, ಆದ್ರೆ ನಾನು ಹೇಳೋದೇನಂದ್ರೆ…”

ಆ ಹೊತ್ತಿಗೆ ಫೋನು ಇಟ್ಟಾಗಿತ್ತು. ಜಯಣ್ಣ ಸತ್ತ ಫೋನಿಗೆ ಇನ್ನೂ ಒಂದು ವಾಕ್ಯ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು. ಗಾಡಿ ಬಂತು, ಜನ ನುಗ್ಗಿದರು, ನಾವಿಬ್ಬರೂ ಹತ್ತಲಿಲ್ಲ.

“ಬಾಯಲ್ಲಿ ಏನು ಕಡುಬು ತುರುಕಿಕೊಂಡಿದ್ರಾ ನೀವು?” ಎಂದು ನಾನು ಪ್ಲಾಟ್‌ಫಾರ್ಮು ಎಂದೂ ನೋಡದೆ ಕೂಗಿದೆ.

“ಕೇಳ್ತಾ ಉಂಟು ಅಂತ ಹೇಳಿದ್ದು ರತ್ನಕ್ಕ. ಅವನದ್ದು ಮುಗಿದ ಮೇಲೆ ನನ್ನದು ಹೇಳುವಾ ಅಂತ.” ತಿರುಗಿ ಫೋನ್ ಮಾಡಿದರು, ಮತ್ತೆ ಮಾಡಿದರು. ಮನೀಶ್ ಎತ್ತಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನಕ್ಕೆ ಮುಂಚೆ ಮನೀಶ್ ಆಫೀಸಿಗೆ ಬಂದಾಗ ಜಯಣ್ಣ ಅವನ ಕ್ಯಾಬಿನಿಗೆ ಹೋಗಿ ನಿಂತರು. ಬಾಗಿಲು ತೆರೆದಿತ್ತು, ನಾನು ಹೊರಗೆ ಪ್ರಿಂಟರ್ ಹತ್ತಿರ ನಿಂತು ಕೇಳಿದೆ. ನಾಚಿಕೆಯೇನೂ ಇಲ್ಲ.

“ನೀವೇ ಆಯ್ತು ಅಂದ್ರಲ್ಲ ಜಯಣ್ಣ? ಗಿರಾಕಿ ಎದುರಿಗೇ. ಅವರು ಸೈನ್ ಮಾಡಿ ಆಯ್ತು. ಎಚ್ಆರ್‌ಗೂ ಹೋಯ್ತು.”

“ಅದು ಒಪ್ಪಿದ್ದಲ್ಲ ಮನೀಶ್. ಬರೀ ಕೇಳಿಸ್ತು ಅಂತ.”

ಮನೀಶ್ ನಕ್ಕ. ತಮಾಷೆ ಎಂದುಕೊಂಡ. “ಕ್ಯಾ ಜಯಣ್ಣ ಆಪ್ ಭೀ!”

“ಸಾದಾವೇ ಸರಿ, ಬೇಕಾದ್ರೆ ಈಗಲೇ ತೋರಿಸ್ತೇನೆ. ಅದಾಗದಿದ್ರೆ ಆ ಹೆಂಗಸನ್ನಾದ್ರೂ ಇಟ್ಕೊಳ್ಳಿ. ಬೇರೆ ಯಾವ ಕೆಲಸವಾದ್ರೂ ಸರಿ. ನಿಮ್ಮ ಕಾಲಿಗೆ ಬೀಳ್ತೇನೆ.” ಅಷ್ಟು ವರ್ಷದಲ್ಲಿ ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ.

ಮನೀಶ್ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. “ಆಯ್ತು, ಆಯ್ತು. ನೋಡುವಾ.”

ಹೊರಗೆ ಬಂದ ಜಯಣ್ಣ ನನ್ನ ಪಕ್ಕದಲ್ಲೇ ಪ್ರಿಂಟರ್ ಹಿಡಿದು ನಿಂತರು. ‘ಆಯ್ತು’ ಎಂಬ ಮಾತು ಎಷ್ಟು ಪೊಳ್ಳು ಎಂದು ಅವರಿಗೆ ಮೊದಲ ಸಲ ಕೇಳಿಸಿತ್ತು.

ದಾನಮ್ಮ ಊಟದ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುರಿದು ಶೇಂಗಾ ಚಟ್ನಿಯ ಜೊತೆ ಎಲ್ಲರಿಗೂ ಹಂಚುತ್ತಿದ್ದಳು. ಜಯಣ್ಣನ ಪಾಲನ್ನೂ ತೆಗೆದಿಟ್ಟಿದ್ದಳು. ಅವರು ಕೂತರು. ಸುತ್ತಿ ಬಳಸದೆ ಎಲ್ಲ ಹೇಳಿದರು: ಫೋನು, ಗಿರಾಕಿ, ಎಚ್ಆರ್, ತಮ್ಮ ಮೂರು ಆಯ್ತು.

ಅವಳು ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. “ಸರ, ನೀವು ಆರಿಸಿದ್ದು ಯಾವದ್ರೀ?”

“ಸಾದಾ.”

“ಮತ್ತ ಅದನ್ಯಾಕ ಹೇಳ್ಲಿಲ್ರೀ?”

ಜಯಣ್ಣ ತಮಗೆಂದು ತೆಗೆದಿಟ್ಟ ರೊಟ್ಟಿಯ ಕಡೆ ತಲೆ ತಗ್ಗಿಸಿದರು. ಮಯೂರ್ ಎದ್ದು ಹೊರಗೆ ಹೋದ. ದಾನಮ್ಮ ಡಬ್ಬಿಯ ಮುಚ್ಚಳ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, “ಆತ್ ಬಿಡ್ರಿ ಸರ,” ಎಂದಳು. ಅವಳ ಊರಿನ ಆ ‘ಆತು’ ಕೇಳಿಸಿತು ಎಂದಲ್ಲ, ಒಪ್ಪಿದೆ ಎಂದೂ ಅಲ್ಲ. ಮುಗಿಯಿತು ಎಂದು.

ಆಮೇಲೆ ಏನೋ ನೆನಪಾದಂತೆ, “ಮುಂದ ಎಲ್ಲ್ಯರೆ ನನ್ನಂಥಾಕಿಗೆ ಕೆಲಸ ಇದ್ರ ನನ್ನ ಹೆಸರ ಹೇಳ್ತೀರಿಲ್ರೀ?” ಎಂದು ಕೇಳಿದಳು.

ಜಯಣ್ಣ ತಲೆ ಎತ್ತಿದರು. ಬೇರೆ ಏನಾದರೂ ಹೇಳಲು ಅವರು ಒದ್ದಾಡುವುದು ನನಗೆ ಕಾಣುತ್ತಿತ್ತು. ಏನಾದರೂ ಹೇಳಿ ಮಾರಾಯರೇ, ಬೇರೆ ಏನಾದರೂ, ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಆಯ್ತು,” ಎಂದರು ಜಯಣ್ಣ.