ನಮ್ಮ ಓಣಿಯ ಇಂಗ್ಲಿಷ್ ಬರೆದ ನೋಟುಬುಕ್ಕು

ನಾನು ಚಿಕ್ಕವಳಿದ್ದಾಗ ಮೋಟೆಬೆನ್ನೂರಿನ ನಮ್ಮ ಓಣಿಯಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ಆದರೆ ಇಂಗ್ಲಿಷ್ ಪದ ಆಡದವರೂ ಇರಲಿಲ್ಲ. ಅಜ್ಜಿಗೆ ಮೋಟಾರು ಎಂದರೆ ಬಸ್ಸು. ಅಪ್ಪನಿಗೆ ಮೋಟಾರು ಎಂದರೆ ಬಾವಿಯ ನೀರೆತ್ತುವ ಪಂಪು. ಸಕ್ಕರೆ, ಸೀಮೆಎಣ್ಣೆ ಕೊಡುವ ಅಂಗಡಿಗೆ ಎಲ್ಲರೂ ಸೊಸೈಟಿ ಎನ್ನುತ್ತಿದ್ದರು. ಸೊಸೈಟಿ ಎಂದರೆ ಸಮಾಜ ಎಂದು ಹೇಳಿದ್ದು ಶಾಲೆಯ ಪುಸ್ತಕ ಮಾತ್ರ. ಕರೆಯದೆ ಯಾರಾದರೂ ಬಾಗಿಲಿಗೆ ಬಂದರೆ ಅಜ್ಜಿ, "ವಾರಂಟ್ ಬಂದಂಗ ಬಂದಿ ನೋಡಪಾ!" ಎಂದು ನಗುತ್ತಿದ್ದಳು. ಬ್ರಿಟಿಷರ ಕಾಲದಲ್ಲಿ ಪೊಲೀಸರು ಮನೆ ಹೊಕ್ಕು ಗಂಡಸರನ್ನು ಹಿಡಿದೊಯ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೆದರಿಕೆ ಹೋಗಿ ಪದ ಉಳಿದಿತ್ತು.

ಇವನ್ನೆಲ್ಲ ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಪದ ಯಾವುದು, ಯಾರು ಅಂದರು, ಅವರ ಬಾಯಲ್ಲಿ ಅದರ ಅರ್ಥ ಏನು. ಸುಗ್ಗಿಯಲ್ಲಿ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿರುತ್ತಿತ್ತು. ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತ ಮಾತಾಡುತ್ತಿದ್ದರು. ನಾನು ಸೀನುತ್ತ, ಉರಿಯುವ ಬೆರಳಿನಲ್ಲೇ ಪೆನ್ಸಿಲ್ ಹಿಡಿಯುತ್ತಿದ್ದೆ. "ಬರ್ಕೊ, ಇನ್ನೊಂದ್ ನೆನಪಾತು" ಎಂದು ಅಜ್ಜಿಯೇ ಕರೆದು ಹೇಳುತ್ತಿದ್ದಳು.

ಆಗ ನಾನು ಏಳನೆಯ ತರಗತಿ. ಅಕ್ಕ ಬ್ಯಾಡಗಿಯ ಹೈಸ್ಕೂಲಿಗೆ ಹೋಗುತ್ತಿದ್ದಳು. ನನ್ನನ್ನೂ ಕಳಿಸಬೇಕೋ ಬೇಡವೋ ಎಂದು ಅಪ್ಪ ಇನ್ನೂ ತೂಗಿ ನೋಡುತ್ತಿದ್ದ. "ಬಾಯೇ ಬಿಡೂದಿಲ್ಲ ಇದು. ಹೈಸ್ಕೂಲಿಗೆ ಹೋಗಿ ಏನ್ ಮಾಡ್ತೈತಿ?" ಎನ್ನುತ್ತಿದ್ದ. ನೋಟುಬುಕ್ಕು ತುಂಬಿದ ಮೇಲೆ ಅವನ ಕೈಗೆ ಕೊಡಬೇಕೆಂದು ಕಾದಿದ್ದೆ. ನನ್ನ ಬಾಯಿ ಹೇಳದ್ದನ್ನು ಅದು ಹೇಳುತ್ತದೆ ಎಂಬ ಆಸೆ. ಅದು ಅಕ್ಕನಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಒಂದು ದಿನ ಅಕ್ಕ, "ನಮ್ಮ ಟೀಚರಿಗೆ ತೋರಿಸಿ ತರ್ತೇನಿ, ಕೊಡು" ಎಂದು ಅದನ್ನು ಒಯ್ದಳು. ಆಮೇಲೆ ಕೇಳಿದಾಗಲೆಲ್ಲ, "ಇನ್ನೂ ಓದಾಕತ್ತಾರ" ಎನ್ನುತ್ತಿದ್ದಳು.

ಅವಳ ಶಾಲೆಯಲ್ಲಿ ಗ್ಯಾದರಿಂಗ್ ಬಂತು. ಶಾಲೆಯ ವಾರ್ಷಿಕ ಸಮಾರಂಭಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅಪ್ಪ, ಅಜ್ಜಿ, ನಾನು ಬಸ್ಸಿನಲ್ಲಿ ಹೋದೆವು. ಬ್ಯಾಡಗಿಯ ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು. ಅಜ್ಜಿ ಮೂಗಿಗೆ ಸೆರಗು ಹಿಡಿದೇ ಕೂತಿದ್ದಳು. ಮಧ್ಯಾಹ್ನ ಅಕ್ಕ ವೇದಿಕೆ ಹತ್ತಿ, ಹಾಳೆ ಬಿಡಿಸಿ ಓದತೊಡಗಿದಳು. "ಮೋಟಾರು. ನಮ್ಮ ಅಜ್ಜಿಗೆ ಇದು ಬಸ್ಸು..." ಒಂದೊಂದು ಸಾಲೂ ನನ್ನದು. ನಾನು ಗೀಟೆಳೆದು ಕಾಟು ಹಾಕಿದ್ದ ಸಾಲನ್ನೂ ಅವಳು ಬಿಟ್ಟಿರಲಿಲ್ಲ. ವಾರಂಟಿಗೆ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಹೆಡ್ ಮಾಸ್ತರರು ಅವಳಿಗೆ ದಪ್ಪನೆಯ ಇಂಗ್ಲಿಷ್ ನಿಘಂಟನ್ನು ಬಹುಮಾನ ಕೊಟ್ಟರು. ಅಪ್ಪ ಪಕ್ಕದವರಿಗೆ, "ನಮ್ಮ ಹುಡುಗಿ ರೀ ಅಕಿ, ನಮ್ಮ ಹಿರೇಕಿ" ಎಂದ.

ಬಸ್‌ಸ್ಟ್ಯಾಂಡಿನಲ್ಲಿ ನಾನು ಹೇಗೋ ಬಾಯಿ ಬಿಟ್ಟೆ. "ಅಪ್ಪಾ, ಅದು ನಾ ಬರದಿದ್ದು."

ಅಕ್ಕ ನಿಘಂಟನ್ನು ಎದೆಗೆ ಅವುಚಿಕೊಂಡಳು. "ಎಲ್ಲೈತಿ ನಿಂದು? ತೋರಸು ನೋಡೂಣು" ಎಂದಳು. ನನ್ನ ನೋಟುಬುಕ್ಕು ಬಚ್ಚಲ ಒಲೆ ಸೇರಿ ನಾಲ್ಕು ದಿನವಾಗಿತ್ತೆಂದು ಆಮೇಲೆ ತಿಳಿಯಿತು.

ಅಪ್ಪ ಅಜ್ಜಿಯ ಕಡೆ ತಿರುಗಿದ. "ಯವ್ವಾ, ನೀ ಮನ್ಯಾಗ ಇರಾಕಿ. ಖರೇ ಹೇಳು. ಯಾರು ಬರದಿದ್ದು?"

ನನಗೆ ಎಳ್ಳಷ್ಟೂ ಹೆದರಿಕೆಯಾಗಲಿಲ್ಲ. ಬರ್ಕೊ ಎಂದು ಕರೆದವಳೇ ಅವಳಲ್ಲವೇ! ಅಜ್ಜಿ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಮುಂದಿನ ವಾರ ರಾಣೆಬೆನ್ನೂರಿನಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗಿ ತಂಗಿ ಬರೆದದ್ದನ್ನು ಕದ್ದು ಓದಿದಳು ಎಂಬ ಮಾತು ಅವರ ಕಿವಿಗೆ ಬೀಳಬಾರದಿತ್ತು.

"ಇಬ್ರೂ ಕೂಡಿ ಬರದಾರ ತಗೋ" ಎಂದಳು ಅಜ್ಜಿ. "ಬಸ್ ಬಂತು, ಲಗೂ ನಡೀರಿ."

ಅಪ್ಪ ನನ್ನ ತಲೆ ಸವರಿ, "ಅಕ್ಕನ್ನ ನೋಡಿ ಕಲಿ" ಎಂದ. ಆ ಬೇಸಿಗೆಗೆ ನನ್ನ ಶಾಲೆ ಮುಗಿಯಿತು.

ಅಕ್ಕನ ಮೇಲಿನ ಸಿಟ್ಟು ಅವಳು ಗಂಡನ ಮನೆಗೆ ಹೋದ ದಿನ ಅರ್ಧ ಇಳಿಯಿತು. ಅಜ್ಜಿಯ ಮೇಲಿನದು ಇಳಿಯಲಿಲ್ಲ. ಅವಳು ಕಣ್ಣು ಮುಚ್ಚುವವರೆಗೂ ನಾನು ಅವಳಿಂದ ಇನ್ನೊಂದು ಪದ ಕೇಳಿ ಬರೆದುಕೊಳ್ಳಲಿಲ್ಲ.

ಮೊಮ್ಮಕ್ಕಳೇ, ಹಾವೇರಿಯಲ್ಲಿ ಬೆಳೆದ ನೀವು ಮೂರು ವರ್ಷಕ್ಕೇ ಇಂಗ್ಲಿಷ್ ಕಲಿತಿರಿ. ಯಾವ ಪದಕ್ಕೆ ಹಿಂದೆ ಏನು ಅರ್ಥವಿತ್ತೆಂದು ಫೋನಿಗೆ ಕೇಳಿದರೆ ಕೂತಲ್ಲೇ ಹೇಳುತ್ತದೆ. ಹುಡುಗಿಯರನ್ನು ಓದಿಸಬೇಕೋ ಬೇಡವೋ ಎಂದು ನಿಮ್ಮ ಮನೆಯಲ್ಲಿ ಯಾರೂ ಯೋಚಿಸುವುದಿಲ್ಲ. ಆದರೂ ಚಿತ್ರ ಯಾರು ಬರೆದದ್ದು, ಕಥೆ ಯಾರು ಕಟ್ಟಿದ್ದು ಎಂದು ನೀವಿಬ್ಬರೂ ಜಗಳಾಡಿ ನನ್ನ ಹತ್ತಿರ ಬರುತ್ತೀರಿ. "ಇಬ್ರದೂ ಅಂದ್ಬಿಡ್ರಿ ಅತ್ತಿ, ಮನಿ ತಣ್ಣಗಿರ್ತೈತಿ" ಎಂದು ನಿಮ್ಮ ಅವ್ವ ಒಳಗಿನಿಂದ ಕೂಗುತ್ತಾಳೆ. ನಾನು ಮಾಡಿದವರ ಹೆಸರನ್ನೇ ಹೇಳುತ್ತೇನೆ. ನಿಮ್ಮಲ್ಲಿ ಇನ್ನೊಬ್ಬರು ಅಳುತ್ತ, ಈ ಅಜ್ಜಿ ಕೆಟ್ಟವಳು ಎನ್ನುತ್ತೀರಿ.

ಅನ್ನಿರಿ.