ನಮ್ಮ ಮನೆತನದ ಹೆಜ್ಜೆ

ಬೀರೂರು ಸ್ಟೇಷನ್ನಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ಕೂಗಿ ಹೇಳಿದ ಮೇಲೆ ಕೆಳಗೆ ನೋಡಿಕೊಂಡೆ. ಮಧ್ಯಾಹ್ನದ ಬಿಸಿಲಿಗೆ ಕಾದ ಪ್ಲಾಟ್‌ಫಾರಂ ಮೇಲೆ ಬರಿಗಾಲಿನಲ್ಲೇ ಅಷ್ಟು ದೂರ ಬಂದಿದ್ದೆ.

ಕಾಲಿಗೆ ಬಿಸಿ ತಾಗಿದ್ದೇ ಗೊತ್ತಾಗಿರಲಿಲ್ಲ.

ಸೂಚನೆಗಳು ಮೊದಲೇ ಇದ್ದವು. ನಾನು ಅಜ್ಜಂಪುರದ ಹೆಂಗಸರ ವೀರಗಾಸೆ ತಂಡದಲ್ಲಿ ಕುಣಿಯುತ್ತಿದ್ದವಳು. ಅಭ್ಯಾಸ ಮಾಡುವಾಗ ಪಾದ ಹೊರಳಿ ಎರಡು ಮೂರು ಸಲ ಬಿದ್ದಿದ್ದೆ. ಮಠದ ಅಂಗಳದ ಕಲ್ಲು ಏರುಪೇರಾಗಿದೆ ಎಂದು ಬೈದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಂಡದ ಹಿರಿಯಳು ಗೌರಕ್ಕ ರೇಗಿಸಿದ್ದಳು. ನಾನೂ ನಕ್ಕಿದ್ದೆ. ನನ್ನ ಕುಣಿತದ ಬಗ್ಗೆ ನನಗೆ ಅಷ್ಟು ಜಂಬ.

ಜಂಬಕ್ಕೆ ಕಾರಣವೂ ಇತ್ತು. ಸುತ್ತಲ ಊರುಗಳಲ್ಲಿ ನಮ್ಮಪ್ಪನ ವೀರಗಾಸೆ ಎಂದರೆ ಹೆಸರುವಾಸಿ. ಅವನು ಹೊಲಕ್ಕೆ ಹೋಗುವಾಗಲೂ ಮಂಡಿ ಎತ್ತಿ ಎತ್ತಿಯೇ ನಡೆಯುತ್ತಿದ್ದ. ವೀರಭದ್ರ ಹುಟ್ಟಿನಿಂದಲೇ ಕೊಟ್ಟ ಹೆಜ್ಜೆ ಎಂದು ಜನ ಕೈ ಮುಗಿಯುತ್ತಿದ್ದರು. ನನಗೂ ಅದೇ ಹೆಜ್ಜೆ ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದರು.

ಶಿವಮೊಗ್ಗದ ನ್ಯೂರಾಲಜಿಸ್ಟ್ ನನ್ನನ್ನು ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಆಗಲಿಲ್ಲ. ನರಗಳ ಶಕ್ತಿ ಅಳೆಯುವ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿ, ಮನೆಯಲ್ಲಿ ಇನ್ಯಾರು ಹೀಗೆ ನಡೆಯುತ್ತಾರೆ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಅಪ್ಪನ ಕಥೆ ಹೇಳಿದೆ.

"ಅದು ಕುಣಿತ ಅಲ್ಲಮ್ಮ," ಎಂದರು. "ಪಾದ ಮೇಲಕ್ಕೆ ಏಳ್ತಿರ್ಲಿಲ್ಲ. ಎಡವಬಾರ್ದು ಅಂತ ಮಂಡಿ ಎತ್ತಿ ನಡೀತಿದ್ರು."

ನಮ್ಮ ಮನೆತನದ ವರ ರೋಗವಾಗಿತ್ತು.

ಸಿಎಂಟಿ ಎನ್ನುತ್ತಾರೆ, ವಂಶದಲ್ಲಿ ಇಳಿದು ಬರುವ ನರದ ಕಾಯಿಲೆ. ನರಗಳು ಸೋಲುತ್ತವೆ, ಅವನ್ನು ನಂಬಿದ ಮಾಂಸಖಂಡ ಸೊರಗುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ನೆಗೆಯಬಾರದು, ಆದರೆ ಸುಮ್ಮನೆ ಕೂರಲೂಬಾರದು. ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಕೊಂಡು ನಡೆಯಬೇಕು, ಸೈಕಲ್ ತುಳಿಯಬೇಕು, ದಣಿಯುವ ಮೊದಲೇ ನಿಲ್ಲಿಸಬೇಕು. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಕೂರಬಾರದು ಎಂದಾಗ ಅಪ್ಪ ನೆನಪಾದ. ಕೊನೆಗಾಲಕ್ಕೆ ಅವನ ಮೊಣಕಾಲಿನ ಕೆಳಗೆ ಬರೀ ಮೂಳೆ ಉಳಿದಿತ್ತು. ಕುಣಿದು ಕುಣಿದು ಕಾಲು ಸವೆದಿದೆ, ಇನ್ನು ಸುಖವಾಗಿರಲಿ ಎಂದು ನಾವೇ ಜಗಲಿಯಲ್ಲಿ ಮಂಚ ಹಾಕಿದೆವು. ನೀರಿಗೂ ಏಳಲು ಬಿಡಲಿಲ್ಲ. ಆಮೇಲೆ ಅವನು ಏಳಲೇ ಇಲ್ಲ. ಪ್ರೀತಿಯಿಂದ ಮಾಡಿದ್ದು ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ.

ಈಗ ಅದೇ ಪ್ರೀತಿ ನನ್ನ ಹಿಂದೆ ಬಿದ್ದಿದೆ. ಅಮ್ಮ ಕುರ್ಚಿ ಎಳೆದು ತರುತ್ತಾಳೆ. ಬೆಳಿಗ್ಗೆ ಸ್ಟೇಷನ್ ರಸ್ತೆಯಲ್ಲಿ ನಡೆಯುವಾಗ ಎದುರಾದವರು, ಪಾಪ, ಮನೇಲಿರಬಾರದೇ ಎನ್ನುತ್ತಾರೆ. ಕೆಲವು ದಿನ ಸಿಟ್ಟು ಬರುತ್ತದೆ, ಕೆಲವು ದಿನ ಅಳು. ಗೌರಕ್ಕ ಮಾತ್ರ ಬಂದು, "ಇನ್ಮೇಲೆ ಒಡಪು ಹೇಳೇ," ಎಂದಳು. "ನಿಂತ್ಕೊಂಡೇ ಹೇಳ್ಬೇಕು. ಕುರ್ಚಿ ಗಿರ್ಚಿ ಕೊಡಲ್ಲ ಕಣೇ." ಕುಣಿತದ ನಡುವೆ ವೀರಭದ್ರನ ಮಹಿಮೆಯನ್ನು ಏರುದನಿಯಲ್ಲಿ ಹೇಳುವ ಕೆಲಸ ಅದು. ಚೌಳಹಿರಿಯೂರಿನಲ್ಲಿ ಮೊದಲ ಸಲ ಹೇಳಿದೆ. ಎಲ್ಲರೂ ಮೆಚ್ಚಿದರು. ಕರಡೆ ವಾದ್ಯದ ಸದ್ದಿಗೆ ಉಳಿದವರೆಲ್ಲ ಒಟ್ಟಿಗೆ ನೆಗೆದಾಗ ನಾನೊಬ್ಬಳೇ ನೆಲದ ಮೇಲೆ ಉಳಿದೆ. ಆ ಸಂಕಟ ಇನ್ನೂ ಹೋಗಿಲ್ಲ.

ಆದರೆ ನನ್ನ ನಿಜವಾದ ಭಯ ಮಗಳು ಸಿಂಚನಳದು. ಐದನೇ ಕ್ಲಾಸು. ಹಿಮ್ಮಡಿಯ ಮೇಲೆ ನಡೆದು ತೋರಿಸು ಎಂದು ಅವಳನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಕೇಳದಿದ್ದರೆ ಅವಳಿಗೆ ಇಲ್ಲವೆಂದೇ ಅಂದುಕೊಂಡಿರಬಹುದಲ್ಲ.

ಮೊನ್ನೆ ಬೆಳಿಗ್ಗೆ ಕಿಟಕಿಯ ಸರಳು ಹಿಡಿದು, ಹಿಮ್ಮಡಿ ಊರಿ ಪಾದದ ಮುಂಭಾಗ ಎತ್ತುವ ಫಿಸಿಯೋ ವ್ಯಾಯಾಮ ಮಾಡುತ್ತಿದ್ದೆ. ಸಿಂಚನ ಪಕ್ಕಕ್ಕೆ ಬಂದು ತಾನೂ ಎತ್ತಲು ನೋಡಿದಳು. ಮತ್ತೆ ನೋಡಿದಳು. ಆಮೇಲೆ ನಕ್ಕಳು.

"ನಂಗೂ ಬರಲ್ಲ ಕಣಮ್ಮ. ನಿನ್ ಥರಾನೇ."

ಅವಳನ್ನು ತಬ್ಬಿಕೊಂಡು ಕೂತುಬಿಡಬೇಕು ಎನಿಸಿತು. ಕೂರಲಿಲ್ಲ. ಅಪ್ಪನಿಗೆ ಯಾರೂ ಹೇಳದೇ ಹೋದದ್ದನ್ನು ಇವಳಿಗೆ ಹೇಳಲು ನಾನಿದ್ದೇನೆ, ಇನ್ನೂ ಕಾಲ ಮೇಲೆ ನಿಂತಿದ್ದೇನೆ. ಅಷ್ಟಕ್ಕೆ ದೇವರಿಗೆ ಕೈ ಮುಗಿಯಬೇಕು.

ಸರಿದು ಜಾಗ ಬಿಟ್ಟೆ.

"ಬಾ," ಎಂದೆ. "ಸರಳು ಹಿಡ್ಕೋ."